ಶ್ವಾಸನಾಳಕ್ಕೆ ಹಬ್ಬಿದ ಥೈರಾಯ್ಡ್ ಕ್ಯಾನ್ಸರ್: ಕಾಸರಗೋಡಿನ ಕುಟುಂಬಗಳಿಗೆ ಶಸ್ತ್ರಚಿಕಿತ್ಸೆಯ ಮಾರ್ಗದರ್ಶಿ

ಥೈರಾಯ್ಡ್ ಕ್ಯಾನ್ಸರಿಗೆ ಅಷ್ಟೊಂದು ಹೆದರಬೇಕಾಗಿಲ್ಲ, ಗ್ರಂಥಿಯನ್ನು ತೆಗೆದರೆ ಮುಗಿಯಿತು ಎಂಬ ಸಮಾಧಾನದ ಮಾತು ನಮ್ಮಲ್ಲಿ ಸಾಮಾನ್ಯ. ಅತಿ ಹೆಚ್ಚಾಗಿ ಕಾಣಿಸುವ ಪ್ಯಾಪಿಲರಿ ಬಗೆಯ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಅದೇ ಗೆಡ್ಡೆ ಗ್ರಂಥಿಯ ಹೊರಪದರವನ್ನು ದಾಟಿ, ಬೆನ್ನಿಗೇ ಅಂಟಿಕೊಂಡಿರುವ ಶ್ವಾಸನಾಳವನ್ನೋ ಧ್ವನಿಪೆಟ್ಟಿಗೆಯನ್ನೋ ಹೊಕ್ಕಾಗ ಚಿಕಿತ್ಸೆಯ ದಾರಿ ಬೇರೆಯಾಗುತ್ತದೆ. ಅಂಥ ರೋಗಿಗೆ ಮೊದಲನೆಯ ಶಸ್ತ್ರಚಿಕಿತ್ಸೆ ಹೇಗೆ ನಡೆಯಿತು ಎಂಬುದೇ ಮುಂದಿನ ವರ್ಷಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ನಾಳದ ಗೋಡೆಯಲ್ಲಿ ಉಳಿದುಹೋದ ಗೆಡ್ಡೆ ನಿಧಾನವಾಗಿ ಬೆಳೆದು ರಕ್ತಸ್ರಾವಕ್ಕೂ ಉಸಿರುಕಟ್ಟುವಿಕೆಗೂ ಕಾರಣವಾಗಬಲ್ಲದು. ಒಮ್ಮೆ ಕೊಯ್ದು ಕಲೆಗಟ್ಟಿದ ಕುತ್ತಿಗೆಯಲ್ಲಿ ಎರಡನೆಯ ಸಲ ಕೈಹಾಕುವುದು ನುರಿತ ಶಸ್ತ್ರವೈದ್ಯರಿಗೂ ಕಷ್ಟ. ಆದುದರಿಂದ ಈ ಬರಹದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲಿನ ದಿನಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಇದು ವೈದ್ಯರ ಸಲಹೆಯ ಜಾಗದಲ್ಲಿ ನಿಲ್ಲುವಂಥದ್ದಲ್ಲ, ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದನ್ನು ತಿಳಿದಿರಲು ಬರೆದದ್ದು.

ಯಾವ ಲಕ್ಷಣಗಳನ್ನು ಕಡೆಗಣಿಸಬಾರದು

ಥೈರಾಯ್ಡ್ ಗ್ರಂಥಿ ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳದ ಮೊದಲ ಕೆಲವು ಉಂಗುರಗಳನ್ನು ಅಪ್ಪಿಕೊಂಡಿರುತ್ತದೆ. ಗ್ರಂಥಿಯ ಹಿಂದೆ, ಶ್ವಾಸನಾಳ ಮತ್ತು ಅನ್ನನಾಳಗಳ ನಡುವಿನ ಸಂದಿನಲ್ಲಿ, ಧ್ವನಿತಂತುಗಳನ್ನು ಆಡಿಸುವ ನರವು ಎರಡೂ ಬದಿಯಲ್ಲಿ ಸಾಗುತ್ತದೆ. ಗೆಡ್ಡೆ ಹಿಂದಕ್ಕೆ ಬೆಳೆದರೆ ಮೊದಲು ತೊಂದರೆಗೆ ಸಿಕ್ಕುವುದು ಹೆಚ್ಚಾಗಿ ಈ ನರ, ಆಮೇಲೆ ನಾಳ.

ಹೀಗಾಗಿ ಸ್ವರ ಕಟ್ಟುವುದು ಮುಖ್ಯ ಸೂಚನೆ. ಮಳೆಗಾಲದ ನೆಗಡಿ, ಶಾಲೆಯಲ್ಲಿ ಪಾಠ ಮಾಡಿದ ಆಯಾಸ, ರಾತ್ರಿಯಿಡೀ ಭಾಗವತಿಕೆ ಮಾಡಿದ ದಣಿವು ಎಂದು ತಿಂಗಳುಗಟ್ಟಲೆ ತಳ್ಳಿಹಾಕುವ ಅಭ್ಯಾಸ ನಮ್ಮಲ್ಲಿದೆ. ಮೂರು ವಾರ ದಾಟಿಯೂ ಸ್ವರ ತಿಳಿಯಾಗದಿದ್ದರೆ, ಕುತ್ತಿಗೆಯಲ್ಲಿ ಗಂಟು ಇರಲಿ ಇಲ್ಲದಿರಲಿ, ಕಿವಿ-ಮೂಗು-ಗಂಟಲು ತಜ್ಞರಿಂದ ಧ್ವನಿತಂತುಗಳ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಫದಲ್ಲಿ ರಕ್ತ ಕಂಡರೆ ಕ್ಷಯದ ಪರೀಕ್ಷೆಗೆ ಕಳುಹಿಸುವುದು ಸರಿಯಾದ ಕ್ರಮ; ಆದರೆ ಆ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅಲ್ಲಿಗೇ ನಿಲ್ಲಬಾರದು. ಉಸಿರನ್ನು ಒಳಗೆಳೆದುಕೊಳ್ಳುವಾಗ ಸೀಟಿಯಂಥ ಸದ್ದು, ಅಂಗಾತ ಮಲಗಿದರೆ ಉಸಿರು ಸಿಕ್ಕಿಕೊಳ್ಳುವುದು, ಅನ್ನ ನುಂಗುವಾಗ ತಡೆ, ಇವೆಲ್ಲ ಶ್ವಾಸನಾಳ ಕಿರಿದಾಗುತ್ತಿರುವುದರ ಅಥವಾ ಅನ್ನನಾಳಕ್ಕೆ ಒತ್ತಡ ಬೀಳುತ್ತಿರುವುದರ ಗುರುತುಗಳಾಗಿರಬಹುದು. ಇಂಥ ರೋಗಿಗಳು ಉಬ್ಬಸವೆಂದು ಎಣಿಸಿ ಇನ್‌ಹೇಲರ್ ಎಳೆಯುತ್ತ ಕಾಲ ಕಳೆಯುವುದುಂಟು. ಇನ್‌ಹೇಲರಿಗೆ ಬಗ್ಗದ ಉಬ್ಬಸವಿದ್ದರೆ ಕುತ್ತಿಗೆಯನ್ನೂ ತೋರಿಸಿ.

ಎಷ್ಟೋ ರೋಗಿಗಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ ಎಂಬುದೂ ನೆನಪಿರಲಿ. ಒಂದು ಬದಿಯ ಧ್ವನಿತಂತು ನಿಧಾನವಾಗಿ ಸೋತಾಗ ಇನ್ನೊಂದು ಅದರ ಕೆಲಸವನ್ನು ಸರಿದೂಗಿಸುವುದರಿಂದ ಮಾತು ಮೊದಲಿನಂತೆಯೇ ಕೇಳಿಸಬಹುದು.

ಒಂದು ಸಂದರ್ಭವನ್ನು ಬೇರೆಯಾಗಿ ಹೇಳಲೇಬೇಕು. ವರ್ಷಗಳಿಂದ ಗಳಗಂಡವಿದ್ದ ಹಿರಿಯರಲ್ಲಿ ಅದು ಕೆಲವೇ ವಾರಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಊದಿಕೊಂಡರೆ ಅನಾಪ್ಲಾಸ್ಟಿಕ್ ಎಂಬ ಅತ್ಯಂತ ವೇಗದ ಬಗೆಯನ್ನು ಶಂಕಿಸಬೇಕಾಗುತ್ತದೆ. ಅಲ್ಲಿ ಒಂದೊಂದು ದಿನಕ್ಕೂ ಬೆಲೆಯಿದೆ. ಹಬ್ಬವೋ ಮದುವೆಯೋ ಮುಗಿಯಲಿ ಎಂದು ಕಾಯದೆ ಆ ವಾರವೇ ಕ್ಯಾನ್ಸರ್ ಕೇಂದ್ರಕ್ಕೆ ಹೋಗಬೇಕು.

ಪರೀಕ್ಷೆಗಳು, ಮತ್ತು ಅವುಗಳಿಂದ ತಿಳಿಯಬೇಕಾದದ್ದು

ಅಲ್ಟ್ರಾಸೌಂಡ್ ಮತ್ತು ಸೂಜಿಯಿಂದ ಜೀವಕೋಶ ತೆಗೆಯುವ ಎಫ್.ಎನ್.ಎ.ಸಿ. ಪರೀಕ್ಷೆಯನ್ನು ಎಲ್ಲ ಕಡೆಯೂ ಮಾಡುತ್ತಾರೆ. ಗೆಡ್ಡೆ ಯಾವ ಬಗೆಯದು ಎಂಬುದು ಬಹುಪಾಲು ಅವುಗಳಿಂದ ತಿಳಿಯುತ್ತದೆ. ಆದರೆ ನಾಳದೊಳಕ್ಕೆ ಎಷ್ಟು ಆಳ ಹೋಗಿದೆ ಎಂಬುದನ್ನು ಅಲ್ಟ್ರಾಸೌಂಡ್ ಪೂರ್ತಿ ಹೇಳಲಾರದು. ಗೆಡ್ಡೆ ನಾಳಕ್ಕೆ ಅಂಟಿರುವ ಅನುಮಾನವಿದ್ದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧಿ) ಸಹಿತ ಸಿ.ಟಿ. ಸ್ಕ್ಯಾನ್, ಕೆಲವೊಮ್ಮೆ ಎಂ.ಆರ್.ಐ., ಜೊತೆಗೆ ಧ್ವನಿತಂತುಗಳ ಪರೀಕ್ಷೆ ಮತ್ತು ನಾಳದ ಒಳಗೋಡೆಯನ್ನು ಕಣ್ಣಾರೆ ನೋಡುವ ಬ್ರಾಂಕೋಸ್ಕೋಪಿ ಬೇಕಾಗುತ್ತವೆ. ನುಂಗಲು ಕಷ್ಟವಿದ್ದರೆ ಅನ್ನನಾಳದ ಎಂಡೋಸ್ಕೋಪಿಯನ್ನೂ ಮಾಡುತ್ತಾರೆ. ಕಾಂಟ್ರಾಸ್ಟ್ ಔಷಧಿಯಲ್ಲಿ ಅಯೋಡಿನ್ ಇರುವುದರಿಂದ ಮುಂದೆ ರೇಡಿಯೋ ಅಯೋಡಿನ್ ಚಿಕಿತ್ಸೆಗೆ (ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡಲು ಕೊಡುವ ವಿಕಿರಣಶೀಲ ಅಯೋಡಿನ್) ತೊಂದರೆಯಾಗುತ್ತದೆ ಎಂದು ಹೇಳಿ ಸ್ಕ್ಯಾನ್ ಬೇಡವೆನ್ನುವವರಿದ್ದಾರೆ. ಆ ಅಯೋಡಿನ್ ಸಾಮಾನ್ಯವಾಗಿ ಒಂದೆರಡು ತಿಂಗಳೊಳಗೆ ದೇಹದಿಂದ ಹೊರಹೋಗುತ್ತದೆ. ಗೆಡ್ಡೆಯ ನಕ್ಷೆ ಇಲ್ಲದೆ ಶಸ್ತ್ರಚಿಕಿತ್ಸೆಗೆ ಇಳಿಯುವುದು ಅದಕ್ಕಿಂತ ದೊಡ್ಡ ಹಾನಿ.

ಆಳವನ್ನು ವೈದ್ಯರು ಹಂತಗಳಾಗಿ ಎಣಿಸುತ್ತಾರೆ. 1993ರಲ್ಲಿ ಶಿನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಗೆಡ್ಡೆ ನಾಳದ ಹೊರಪೊರೆಗೆ ತಾಗಿಕೊಂಡಿರುತ್ತದೆ. ಎರಡನೆಯದರಲ್ಲಿ ಮೃದ್ವಸ್ಥಿಯ ಉಂಗುರದೊಳಕ್ಕೆ ಅಥವಾ ಎರಡು ಉಂಗುರಗಳ ನಡುವಿನ ಸಂದಿಗೆ ನುಗ್ಗಿರುತ್ತದೆ. ಮೂರನೆಯದರಲ್ಲಿ ಒಳಪೊರೆಯ ಅಡಿಗೆ ತಲುಪಿರುತ್ತದೆ. ನಾಲ್ಕನೆಯದರಲ್ಲಿ ಒಳಪೊರೆಯನ್ನು ಎತ್ತಿಯೋ ಹರಿದೋ ಉಸಿರು ಹೋಗುವ ದಾರಿಯಲ್ಲೇ ಕಾಣಿಸಿಕೊಂಡಿರುತ್ತದೆ. ನಿಮ್ಮ ರೋಗಿ ಯಾವ ಹಂತದಲ್ಲಿದ್ದಾರೆ ಎಂದು ನೇರವಾಗಿ ಕೇಳಿ. ಯಾವ ಶಸ್ತ್ರಚಿಕಿತ್ಸೆ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಅಲ್ಲೇ ಇದೆ.

ಎಲ್ಲಿಗೆ ಹೋಗಬೇಕು

ಕಾಸರಗೋಡಿನವರಿಗೆ ದಾರಿ ಎರಡು ದಿಕ್ಕಿಗೆ ಕವಲೊಡೆಯುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯವರು ಸಹಜವಾಗಿ ತಲಪಾಡಿ ದಾಟಿ ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೋ ಮಣಿಪಾಲಕ್ಕೋ ಹೋಗುತ್ತಾರೆ. ದಕ್ಷಿಣಕ್ಕೆ ಪರಿಯಾರಂನ ಸರಕಾರಿ ವೈದ್ಯಕೀಯ ಕಾಲೇಜು, ಅದಕ್ಕೂ ಆಚೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇವೆ. ದೂರದಲ್ಲಿ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಇವೆ. ಯಾವುದನ್ನು ಆರಿಸಿಕೊಂಡರೂ ಊರಿನ ದೂರಕ್ಕಿಂತ ಅಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಶಸ್ತ್ರವೈದ್ಯರು, ಶ್ವಾಸನಾಳವನ್ನು ಕತ್ತರಿಸಿ ಜೋಡಿಸುವ ಅನುಭವವುಳ್ಳವರು, ಕಿರಿದಾದ ನಾಳಕ್ಕೆ ಕೊಳವೆ ಇಳಿಸಲು ಬಲ್ಲ ಅರಿವಳಿಕೆ ತಜ್ಞರು ಮತ್ತು ತೀವ್ರನಿಗಾ ಘಟಕ, ಇಷ್ಟೂ ಒಂದೇ ಸೂರಿನಡಿ ಇರಬೇಕು. ‘ನಾಳ ಕತ್ತರಿಸಬೇಕಾಗಿ ಬಂದರೆ ಇಲ್ಲಿಯೇ ಮಾಡುತ್ತೀರಾ, ಇಂಥ ಶಸ್ತ್ರಚಿಕಿತ್ಸೆಗಳನ್ನು ಇಲ್ಲಿ ಮಾಡುತ್ತಿರುತ್ತೀರಾ’ ಎಂದು ಕೇಳುವುದು ಅವಮಾನವಲ್ಲ. ಒಳ್ಳೆಯ ಶಸ್ತ್ರವೈದ್ಯರು ಆ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತಾರೆ.

ಖರ್ಚಿನ ಮಾತನ್ನೂ ಮೊದಲೇ ಮುಗಿಸಿಕೊಳ್ಳಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆಯಿದೆ. ಸರಕಾರಿ ನೌಕರರಿಗೂ ಪಿಂಚಣಿದಾರರಿಗೂ ಮೆಡಿಸೆಪ್ ಎಂಬ ಆರೋಗ್ಯ ವಿಮೆ ಇದೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ದಿನವಲ್ಲ, ದಿನಾಂಕ ನಿಗದಿಯಾಗುವ ಮುನ್ನವೇ ಆ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳಿ. ಚಿಕಿತ್ಸೆಗಾಗಿ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಅದರ ನಮೂನೆಗೆ ಆಸ್ಪತ್ರೆಯ ಸಹಿ ಬೇಕು.

ಭಾಷೆಯ ವಿಷಯವನ್ನು ಹಗುರವಾಗಿ ಕಾಣಬೇಡಿ. ಒಪ್ಪಿಗೆ ಪತ್ರ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ, ಮನೆಯ ಹಿರಿಯರಿಗೆ ಬರುವುದು ಕನ್ನಡ ಅಥವಾ ತುಳು. ಸ್ವರ ಹೋಗಬಹುದು, ಉಸಿರಾಟಕ್ಕಾಗಿ ಮಾಡಿದ ರಂಧ್ರ ಕುತ್ತಿಗೆಯಲ್ಲಿ ಉಳಿಯಬಹುದು ಎಂಬಂಥ ಮಾತುಗಳು ರೋಗಿಗೆ ತನ್ನ ಭಾಷೆಯಲ್ಲಿ ತಿಳಿಯುವವರೆಗೆ ಸಹಿ ಹಾಕಬಾರದು. ಎರಡೂ ಭಾಷೆ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ, ವೈದ್ಯರ ವಿವರಣೆಯನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.

ಯಾವ ಶಸ್ತ್ರಚಿಕಿತ್ಸೆ, ಯಾಕೆ

ಗ್ರಂಥಿಯನ್ನು ಪೂರ್ತಿ ತೆಗೆಯುವುದು ಮತ್ತು ಕ್ಯಾನ್ಸರ್ ಹಬ್ಬಿದ ಹಾಲ್ರಸ ಗ್ರಂಥಿಗಳನ್ನು (ಲಿಂಫ್ ಗ್ರಂಥಿ) ಬಿಡಿಸುವುದು ಎಲ್ಲದಕ್ಕೂ ಸಾಮಾನ್ಯ. ಭೇದವಿರುವುದು ನಾಳದ ವಿಷಯದಲ್ಲಿ.

ಗೆಡ್ಡೆ ಹೊರಪೊರೆಗೆ ಮಾತ್ರ ಅಂಟಿದ್ದರೆ ಅದನ್ನು ನಾಳದ ಮೇಲ್ಮೈಯಿಂದ ಹೆರೆದು ತೆಗೆಯುತ್ತಾರೆ. ಕಣ್ಣಿಗೆ ಕಾಣುವ ಗೆಡ್ಡೆ ಉಳಿಯದಿದ್ದರೆ ಇದು ಒಪ್ಪತಕ್ಕ ಚಿಕಿತ್ಸೆ, ನಾಳವೂ ಅಖಂಡವಾಗಿ ಉಳಿಯುತ್ತದೆ. ಉಂಗುರದೊಳಕ್ಕೆ ಸ್ವಲ್ಪವೇ ಹೋದಾಗ ಹೆರೆಯುವುದು ಸಾಕೇ, ಕತ್ತರಿಸಬೇಕೇ ಎಂಬುದರಲ್ಲಿ ತಜ್ಞರ ನಡುವೆಯೇ ಭಿನ್ನಾಭಿಪ್ರಾಯವಿದೆ. ಒಳಪೊರೆಯವರೆಗೆ ಹೋದ ಗೆಡ್ಡೆಯನ್ನು ಹೆರೆದರೆ ರೋಗ ಅಲ್ಲಿಯೇ ಉಳಿಯುವುದರಿಂದ ನಾಳದ ಗೋಡೆಯನ್ನೇ ತೆಗೆಯಬೇಕಾಗುತ್ತದೆ.

ಗೋಡೆ ತೆಗೆಯುವುದರಲ್ಲಿ ಎರಡು ಬಗೆ. ಮುಂಭಾಗದ ಅಥವಾ ಪಕ್ಕದ ಸಣ್ಣ ಭಾಗ ಮಾತ್ರ ಕೆಟ್ಟಿದ್ದರೆ ಕಿಟಕಿಯ ಆಕಾರದಲ್ಲಿ ಅಷ್ಟನ್ನೇ ಕತ್ತರಿಸಿ, ಆ ಜಾಗವನ್ನು ಕುತ್ತಿಗೆಯ ಸ್ನಾಯುವಿನಿಂದ ಮುಚ್ಚುತ್ತಾರೆ, ಇಲ್ಲವೇ ಕೆಲಕಾಲ ಕುತ್ತಿಗೆಯ ರಂಧ್ರವಾಗಿ ಬಿಟ್ಟು ಆಮೇಲೆ ಮುಚ್ಚುತ್ತಾರೆ. ಹೆಚ್ಚು ಭಾಗ ಕೆಟ್ಟಿದ್ದರೆ ಅಡಿಕೆ ತೋಟದ ಪೈಪಿನಲ್ಲಿ ಒಡೆದ ತುಂಡನ್ನು ತೆಗೆದು ಎರಡು ತುದಿಗಳನ್ನು ಕೂಡಿಸುವಂತೆ, ನಾಳದ ಆ ತುಂಡನ್ನು ಸುತ್ತಲೂ ಕತ್ತರಿಸಿ ತುದಿಗೆ ತುದಿ ಹೊಲಿಯುತ್ತಾರೆ. ವಯಸ್ಕರ ಶ್ವಾಸನಾಳ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದವಿದ್ದು, 16ರಿಂದ 20 ಉಂಗುರಗಳಿರುತ್ತವೆ. ಕೆಳಗಿನ ನಾಳವನ್ನು ಸಡಿಲಿಸಿ ಮೇಲಕ್ಕೆಳೆದು, ಬೇಕಾದರೆ ಧ್ವನಿಪೆಟ್ಟಿಗೆಯನ್ನು ಕೆಳಗಿಳಿಸಿ, ನಾಲ್ಕೈದು ಸೆಂಟಿಮೀಟರಿನಷ್ಟನ್ನು ತೆಗೆದು ಹೊಲಿಯಲು ಸಾಧ್ಯವಿದೆ. ಹೊಲಿಗೆಯ ಮೇಲೆ ಸೆಳೆತ ಹೆಚ್ಚಿದರೆ ಅದು ಬಿಟ್ಟುಹೋಗುತ್ತದೆ. ಶಸ್ತ್ರವೈದ್ಯರ ಅನುಭವ ಎದ್ದು ಕಾಣುವುದು ಇಲ್ಲಿಯೇ. ದೊಡ್ಡ ಶಸ್ತ್ರಚಿಕಿತ್ಸೆ ಎಂದು ಇದರಿಂದ ಹಿಂಜರಿಯುವ ಕುಟುಂಬಗಳಿಗೆ ಹೇಳುವುದಿಷ್ಟೇ: ಪ್ಯಾಪಿಲರಿಯಂಥ ನಿಧಾನದ ಬಗೆಯಲ್ಲಿ ನಾಳದ ಗೆಡ್ಡೆಯನ್ನು ಪೂರ್ತಿ ತೆಗೆಸಿಕೊಂಡವರು ಹಲವು ವರ್ಷ ಚೆನ್ನಾಗಿ ಬದುಕುತ್ತಾರೆ.

ಧ್ವನಿಪೆಟ್ಟಿಗೆಯ ಒಂದು ಬದಿ ಮಾತ್ರ ಕೆಟ್ಟಿದ್ದರೆ ಆ ಭಾಗವನ್ನಷ್ಟೇ ತೆಗೆದು ಮಾತನ್ನು ಉಳಿಸುತ್ತಾರೆ. ಒಳಗೆಲ್ಲ ಹಬ್ಬಿದಾಗ ಮಾತ್ರ ಪೂರ್ತಿ ತೆಗೆಯುತ್ತಾರೆ. ಆಮೇಲೆ ರೋಗಿ ಶಾಶ್ವತವಾಗಿ ಕುತ್ತಿಗೆಯ ರಂಧ್ರದಿಂದ ಉಸಿರಾಡಬೇಕು. ಆದರೂ ಮಾತು ಪೂರ್ತಿ ಹೋಗುವುದಿಲ್ಲ: ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ಇಡುವ ಧ್ವನಿ ಕವಾಟದಿಂದ ಮತ್ತೆ ಮಾತನಾಡಬಹುದು. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಬಡ ರೋಗಿಗಳಿಗಾಗಿ ರೂಪಿಸಿದ ಅಗ್ಗದ ಕವಾಟದ ಹಿಂದೆ ಇದ್ದದ್ದೂ ಇದೇ ಕಾಳಜಿ.

ಧ್ವನಿತಂತಿನ ನರದ ಬಗ್ಗೆಯೂ ಕೇಳಿ. ಶಸ್ತ್ರಚಿಕಿತ್ಸೆಗೆ ಮೊದಲು ಕೆಲಸ ಮಾಡುತ್ತಿದ್ದ ನರವನ್ನು ಗೆಡ್ಡೆಯಿಂದ ಬಿಡಿಸಿ ಉಳಿಸಲು ಯತ್ನಿಸುತ್ತಾರೆ. ಆಗಲೇ ಸೋತು ಗೆಡ್ಡೆಯಲ್ಲಿ ಮುಳುಗಿದ ನರವನ್ನು ಕತ್ತರಿಸಬೇಕಾಗಬಹುದು. ಒಂದು ನರ ಸೋತರೆ ಸ್ವರ ಒಡೆಯುತ್ತದೆ, ಎರಡೂ ಸೋತರೆ ಉಸಿರಿನ ದಾರಿಯೇ ಮುಚ್ಚಿ ರಂಧ್ರ ಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯಿಂದ ಗುಣವಾಗದ ಸ್ಥಿತಿಗಳೂ ಇವೆ. ಗೆಡ್ಡೆ ಬೆನ್ನುಮೂಳೆಯ ಮುಂದಿನ ಪೊರೆಗೆ ಹಬ್ಬಿದ್ದರೆ ಅಥವಾ ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಸುತ್ತುವರಿದಿದ್ದರೆ, ಇಲ್ಲವೇ ಅನಾಪ್ಲಾಸ್ಟಿಕ್ ಬಗೆಯಾಗಿದ್ದರೆ, ಔಷಧಿ ಮತ್ತು ವಿಕಿರಣದ ದಾರಿಯನ್ನು ಮೊದಲು ಯೋಚಿಸುತ್ತಾರೆ. ಲೆನ್ವಾಟಿನಿಬ್, ಸೋರಾಫೆನಿಬ್‌ನಂಥ ಮಾತ್ರೆಗಳು ಬಳಕೆಯಲ್ಲಿದ್ದರೂ ನಾಳದೊಳಕ್ಕೆ ಹೊಕ್ಕ ಗೆಡ್ಡೆಯಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ ಅವುಗಳನ್ನು ಎಚ್ಚರದಿಂದ ಕೊಡಬೇಕಾಗುತ್ತದೆ.

ಆಸ್ಪತ್ರೆಯ ದಿನಗಳು

ಬೀಡಿ, ಸಿಗರೇಟು, ಹೊಗೆಸೊಪ್ಪು ಹಾಕಿದ ವೀಳ್ಯ ಇವನ್ನೆಲ್ಲ ದಿನಾಂಕ ತಿಳಿದ ಕೂಡಲೇ ಬಿಡಬೇಕು. ಹೊಲಿದ ನಾಳ ಕೂಡಿಕೊಳ್ಳಲು ಇದು ಅಗತ್ಯ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ನಾಳ ತೀರ ಕಿರಿದಾಗಿದ್ದರೆ ರೋಗಿ ಎಚ್ಚರವಿರುವಾಗಲೇ ಮೂಗಿನ ಮೂಲಕ ಕೊಳವೆ ಇಳಿಸುತ್ತಾರೆ. ಕೇಳಿದಾಗ ಭಯವೆನಿಸಿದರೂ ಅದೇ ಸುರಕ್ಷಿತವಾದ ಕ್ರಮ.

ನಾಳವನ್ನು ಕತ್ತರಿಸಿ ಹೊಲಿದವರಿಗೆ ಗಲ್ಲದಿಂದ ಎದೆಗೆ ಒಂದು ದಪ್ಪ ಹೊಲಿಗೆ ಹಾಕಿ ಕುತ್ತಿಗೆಯನ್ನು ಸುಮಾರು ಒಂದು ವಾರ ಬಗ್ಗಿಸಿಡುವ ಪದ್ಧತಿಯಿದೆ. ನೋಡಲು ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಿ, ದಿಂಬು ಸರಿಮಾಡುವ ನೆಪದಲ್ಲಿ ಯಾರೂ ತಲೆಯನ್ನು ಹಿಂದಕ್ಕೆ ಎತ್ತಬಾರದು. ಮೊದಲ 24 ಗಂಟೆಗಳಲ್ಲಿ ಕುತ್ತಿಗೆ ಬಿಗಿದು ಊದಿಕೊಂಡರೆ, ಉಸಿರು ಕಷ್ಟವಾದರೆ ಆ ಕ್ಷಣವೇ ನರ್ಸನ್ನು ಕರೆಯಬೇಕು. ಒಳಗೆ ರಕ್ತ ಕಟ್ಟಿರಬಹುದು. ಚರ್ಮವನ್ನು ಒತ್ತಿದಾಗ ಚರಚರ ಎಂದರೆ ಹೊಲಿಗೆಯಿಂದ ಗಾಳಿ ಸೋರುತ್ತಿರುವ ಸೂಚನೆ. ಬೆರಳ ತುದಿಯಲ್ಲಿ, ತುಟಿಯ ಸುತ್ತ ಜುಮ್ಮೆನ್ನುವುದು, ಕೈ ಸೆಳೆದುಕೊಳ್ಳುವುದು ಇವು ಕ್ಯಾಲ್ಸಿಯಂ ಇಳಿದ ಲಕ್ಷಣಗಳು. ಥೈರಾಯ್ಡಿನ ಬೆನ್ನಿಗಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದಾಗ ಹೀಗಾಗುತ್ತದೆ. ಮನೆಗೆ ಬಂದ ಮೇಲೆ ಹೀಗಾದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕುತ್ತಿಗೆಯ ರಂಧ್ರದೊಂದಿಗೆ ಮನೆಯಲ್ಲಿ

ಟ್ರಕಿಯಾಸ್ಟಮಿ ಕೊಳವೆಯೊಂದಿಗೆ ಮನೆಗೆ ಬರುವವರಿಗೆ ನಮ್ಮ ಊರಿನ ಬದುಕು ಕೆಲವು ವಿಶೇಷ ಎಚ್ಚರಗಳನ್ನು ಬೇಡುತ್ತದೆ. ಮೂಗಿನಲ್ಲಿ ಸೋಸಿ, ತೇವಗೊಂಡು ಹೋಗುತ್ತಿದ್ದ ಗಾಳಿ ಈಗ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಸೌದೆ ಒಲೆಯ ಹೊಗೆ, ಅಡಿಕೆ ಸುಲಿಯುವ ಧೂಳು, ಮಳೆಗಾಲದಲ್ಲಿ ತೋಟಕ್ಕೆ ಮೈಲುತುತ್ತು ಸಿಂಪಡಿಸುವಾಗ ಹಾರುವ ಹನಿ, ಇವುಗಳಿಂದ ರೋಗಿಯನ್ನು ದೂರವಿಡಿ. ರಂಧ್ರದ ಮುಂದೆ ಒದ್ದೆ ಮಾಡಿ ಹಿಂಡಿದ ತೆಳು ಹತ್ತಿಬಟ್ಟೆ ಕಟ್ಟುವುದರಿಂದ ಗಾಳಿ ತೇವವಾಗುತ್ತದೆ. ಕೆರೆ, ಹೊಳೆಗಳಲ್ಲಿ ಇಳಿಯಲೇಬಾರದು. ಸ್ನಾನದಲ್ಲಿ ತಲೆಗೆ ನೀರು ಸುರಿದುಕೊಳ್ಳದೆ ಎದೆಯ ಕೆಳಗಿನಿಂದ ಮಾತ್ರ ಹಾಕಿಕೊಳ್ಳಬೇಕು.

ಒಳಕೊಳವೆಯನ್ನು ದಿನಕ್ಕೆ ಹಲವು ಸಲ ತೆಗೆದು ತೊಳೆಯುವುದನ್ನೂ ಕಫ ಎಳೆಯುವುದನ್ನೂ ಮನೆಯ ಇಬ್ಬರಾದರೂ ಆಸ್ಪತ್ರೆಯಲ್ಲಿ ಕೈಯಾರೆ ಮಾಡಿ ಕಲಿಯುವವರೆಗೆ ಡಿಸ್ಚಾರ್ಜ್ ಕೇಳಬೇಡಿ. ಆಷಾಢದ ಗಾಳಿಮಳೆಗೆ ಕರೆಂಟು ಹೋಗಿ ಮರುದಿನವಷ್ಟೇ ಬರುವ ಊರುಗಳಲ್ಲಿ ವಿದ್ಯುತ್ ಯಂತ್ರವನ್ನು ನಂಬಿ ಕೂರಲಾಗದು. ಕಾಲಿನಿಂದ ಒತ್ತಿ ಕಫ ಎಳೆಯುವ ಸಕ್ಷನ್ ಯಂತ್ರವೊಂದು ಮನೆಯಲ್ಲಿರಲಿ. ಅದೇ ಅಳತೆಯ ಇನ್ನೊಂದು ಕೊಳವೆಯೂ ಕೈಗೆಟುಕುವಲ್ಲಿರಲಿ. ಕೇರಳದಲ್ಲಿ ಪಂಚಾಯತು ಮಟ್ಟದ ಪಾಲಿಯೇಟಿವ್ (ನೋವು, ಕಷ್ಟಗಳನ್ನು ತಗ್ಗಿಸುವ ಆರೈಕೆಯ) ಘಟಕಗಳ ನರ್ಸುಗಳು ಮನೆಗೇ ಬರುತ್ತಾರೆ. ಪಾಲಿಯೇಟಿವ್ ಎಂದರೆ ಕೊನೆಗಾಲದವರಿಗೆ ಮಾತ್ರ ಎಂಬ ತಪ್ಪು ಎಣಿಕೆಯಿಂದ ಅವರನ್ನು ಕರೆಯದೆ ಕಷ್ಟಪಡುವ ಮನೆಗಳಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ.

ಧ್ವನಿಪೆಟ್ಟಿಗೆಯನ್ನೇ ತೆಗೆದವರು ‘ನಾನು ಕುತ್ತಿಗೆಯಿಂದ ಮಾತ್ರ ಉಸಿರಾಡುತ್ತೇನೆ, ಆಮ್ಲಜನಕವನ್ನು ಅಲ್ಲಿಗೇ ಕೊಡಿ’ ಎಂದು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆದ ಚೀಟಿಯನ್ನು ಯಾವಾಗಲೂ ಕಿಸೆಯಲ್ಲಿಟ್ಟುಕೊಳ್ಳಬೇಕು. 108 ಆಂಬ್ಯುಲೆನ್ಸ್ ಬಂದಾಗ ಮಾತನಾಡಲಾಗದವರಿಗೆ ಅದೇ ಮಾತು.

ಮುಂದಿನ ಚಿಕಿತ್ಸೆ ಮತ್ತು ತಪಾಸಣೆ

ತೆಗೆದ ಗ್ರಂಥಿಯ ಹಾರ್ಮೋನಿಗೆ ಬದಲಾಗಿ ಥೈರಾಕ್ಸಿನ್ ಮಾತ್ರೆ ಜೀವನಪೂರ್ತಿ ಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆಯ ನಂತರವೇ ಚಹಾ, ಕಾಫಿ ಕುಡಿಯಬೇಕು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಹೆಚ್ಚು ಅಪಾಯದ ರೋಗದಲ್ಲಿ ಟಿ.ಎಸ್.ಎಚ್. (ಥೈರಾಯ್ಡ್ ಕೋಶಗಳನ್ನು ಪ್ರಚೋದಿಸುವ ಹಾರ್ಮೋನು) ಮಟ್ಟವನ್ನು ಬೇಕೆಂದೇ 0.1ಕ್ಕಿಂತ ಕೆಳಗಿಡುತ್ತಾರೆ. ಈ ಕಾರಣ ತಿಳಿಯದ ಬೇರೊಬ್ಬ ವೈದ್ಯರು ರಿಪೋರ್ಟ್ ನೋಡಿ ಮಾತ್ರೆಯ ಪ್ರಮಾಣ ಇಳಿಸುವ ಸಂಭವವಿರುವುದರಿಂದ ಡಿಸ್ಚಾರ್ಜ್ ಪತ್ರವನ್ನು ಎಲ್ಲಿ ಹೋದರೂ ತೋರಿಸಿ.

ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಬಗೆಗಳಿಗೆ ರೇಡಿಯೋ ಅಯೋಡಿನ್ ಕೊಡುವುದುಂಟು. ಮೆಡುಲ್ಲರಿ ಎಂಬ ಇನ್ನೊಂದು ಬಗೆಗೆ ಅದು ಕೆಲಸ ಮಾಡದು. ರೇಡಿಯೋ ಅಯೋಡಿನ್ ಕೊಡುವ ಮೊದಲು ಒಂದೆರಡು ವಾರ ಅಯೋಡಿನ್ ಕಡಿಮೆಯಿರುವ ಊಟ ಮಾಡಬೇಕು. ಕರಾವಳಿಯ ನಮಗೆ ಇದು ಸಣ್ಣ ಮಾತಲ್ಲ: ಬಂಗುಡೆ, ಬೂತಾಯಿ, ಒಣಮೀನು, ಸಿಗಡಿ, ಅಯೋಡಿನ್ ಬೆರೆಸಿದ ಉಪ್ಪು, ಅದೇ ಉಪ್ಪಿನಲ್ಲಿ ಹಾಕಿದ ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆ ಎಲ್ಲವನ್ನೂ ಬಿಡಬೇಕು, ಹಾಲು, ಮೊಸರು, ಮೊಟ್ಟೆಯ ಹಳದಿಯನ್ನೂ ಕಡಿಮೆ ಮಾಡಬೇಕು. ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ, ತರಕಾರಿ ಪಲ್ಯ, ಹಣ್ಣುಗಳಿಗೆ ತಡೆಯಿಲ್ಲ. ಉಪ್ಪನ್ನು ಆಸ್ಪತ್ರೆಯವರು ಸೂಚಿಸಿದ್ದನ್ನೇ ಬಳಸಿ. ಮದ್ದು ಕುಡಿದ ಮೇಲೆ ಕೆಲದಿನ ಬೇರೆ ಕೋಣೆಯಲ್ಲಿರಬೇಕು, ಗರ್ಭಿಣಿಯರಿಂದಲೂ ಮಕ್ಕಳಿಂದಲೂ ದೂರವಿರಬೇಕು. ಮಹಿಳೆಯರು ಕನಿಷ್ಠ ಆರು ತಿಂಗಳು ಗರ್ಭ ಧರಿಸಬಾರದು. ಗೆಡ್ಡೆ ಪೂರ್ತಿ ಬರದೆ ಉಳಿದಿದ್ದರೆ ಹೊರಗಿನಿಂದ ವಿಕಿರಣ ಕೊಡುವುದನ್ನೂ ವೈದ್ಯರು ಸೂಚಿಸಬಹುದು.

ತಪಾಸಣೆಗೆ ಕರೆದಾಗ ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಕೋಶಗಳು ಮಾಡುವ ಪ್ರೋಟೀನು) ಮತ್ತು ಅದರ ಪ್ರತಿಕಾಯದ ರಕ್ತಪರೀಕ್ಷೆ, ಕುತ್ತಿಗೆಯ ಅಲ್ಟ್ರಾಸೌಂಡ್, ನಾಳವನ್ನು ಹೊಲಿದಿದ್ದರೆ ಬ್ರಾಂಕೋಸ್ಕೋಪಿ ಇರುತ್ತವೆ. ಥೈರೋಗ್ಲೋಬ್ಯುಲಿನ್ನನ್ನು ಪ್ರತಿಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಏರಿಳಿತವನ್ನು ಹೋಲಿಸಿ ನೋಡಬಹುದು. ಹೊಲಿದ ಜಾಗದಲ್ಲಿ ಕಲೆ ಬೆಳೆದು ನಾಳ ಮತ್ತೆ ಕಿರಿದಾಗುವುದುಂಟು. ಆದ್ದರಿಂದ ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, ಸೀಟಿಯ ಸದ್ದು ಮರಳಿದರೆ, ಕಫದಲ್ಲಿ ರಕ್ತ ಕಂಡರೆ ಮುಂದಿನ ತಾರೀಕಿಗೆ ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಫೋನು ಮಾಡಿ ಹೋಗಬೇಕು. ಆಪರೇಷನ್ ಟಿಪ್ಪಣಿ, ಬಯಾಪ್ಸಿ ವರದಿ ಮತ್ತು ಸಿ.ಟಿ. ಸ್ಕ್ಯಾನಿನ ಸಿ.ಡಿ. ಒಂದೇ ಕಡತದಲ್ಲಿ ನಿಮ್ಮ ಜೊತೆಗಿರಲಿ.